ಗೂಬೆ ಮರದ ದಾರಿಗೊಂದು ಹಳದಿ ಬೋರ್ಡು

ಸಿಂಗಪುರದ ನಮ್ಮ ಏರಿಯಾದ ಪಾರ್ಕ್ ಉಳಿಸೋದು ಹೇಗೆ ಅಂತ ನಮ್ಮ ವಾಲಂಟಿಯರ್ ಟೀಮ್, ಹೊಸ ಐಡಿಯಾ ಹುಡುಕೋ 'ಡಿಸೈನ್ ಥಿಂಕಿಂಗ್' ಅನ್ನೋ ಕಸರತ್ತು ಮಾಡಿ, ಗೋಡೆ ತುಂಬ ಐಡಿಯಾ ಬರೆದ ಸ್ಟಿಕಿ ನೋಟ್ ಅಂಟಿಸಿತ್ತು. ಜನರಿಗೆ ಪಾರ್ಕ್ ಮೇಲೆ ಪ್ರೀತಿ ಬರಲಿ ಅಂತ ನಾನು ಅಲ್ಲಿನ ಗೂಬೆ ಮರಿಗಳ ಫೋಟೋವನ್ನು ಲೊಕೇಶನ್ ಸಮೇತ ಸೋಶಿಯಲ್ ಮೀಡಿಯಾದಲ್ಲಿ ಹಾಕಿದೆ.

ಶನಿವಾರ ಹೋದರೆ ಮರದ ಕೆಳಗೆ ಕ್ಯಾಮೆರಾ ಹಿಡಿದವರು ಕಿಕ್ಕಿರಿದಿದ್ದರು. ತಾಯಿ ಗೂಬೆ ಗೂಡಿನ ಹತ್ತಿರಕ್ಕೇ ಬರುತ್ತಿರಲಿಲ್ಲ.

"ಯಾರೋ ಫೋನಲ್ಲಿ ಹಾಕಿದಾರಂತೆ," ಅಂದರು ಪಾರ್ಕ್ ಗುಡಿಸುವ ಆಂಟಿ. ನಾನು "ಹೌದಾ" ಅಂದೆ.

ಮರುದಿನ ಮರದ ಹತ್ತಿರ ಒಬ್ಬರೂ ಇಲ್ಲ. ಆಂಟಿ ಟಾಯ್ಲೆಟ್‌ನಲ್ಲಿದ್ದ 'ಕ್ಲೀನಿಂಗ್ ನಡೆಯುತ್ತಿದೆ' ಅನ್ನೋ ಹಳದಿ ಬೋರ್ಡನ್ನು ತಂದು ದಾರಿಗೆ ಅಡ್ಡ ಇಟ್ಟಿದ್ದರು. ಬಂದವರು ಅದನ್ನು ಓದಿ ಸುಮ್ಮನೆ ವಾಪಸ್ ಹೋಗುತ್ತಿದ್ದರು. ಸಿಂಗಪುರದಲ್ಲಿ ಬೋರ್ಡಿಗೆ ಯಾರೂ ಎದುರಾಡೋದಿಲ್ಲ. ನಮ್ಮ ಸ್ಟಿಕಿ ನೋಟ್‌ಗಳಲ್ಲಿ ಈ ಐಡಿಯಾ ಇರಲಿಲ್ಲ.

ಟೀಮ್‌ಗೆ ತೋರಿಸೋಣ ಅಂತ ಬೋರ್ಡಿನ ಫೋಟೋ ತೆಗೆಯೋಕೆ ಹೋದೆ. ಆಂಟಿ ಗುಡಿಸೋದು ನಿಲ್ಲಿಸಿ, "ಇದನ್ನೂ ಫೋನಲ್ಲಿ ಹಾಕಬೇಡಮ್ಮ," ಅಂದರು.