ಅಪರಾಧದ ಪುಸ್ತಕ ಕೊಡುತ್ತಿದ್ದ ಮೌಶಿ

ಟೈಪಿಸ್ಟ್ ಮೌಶಿಯ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಹೈದರಾಬಾದಿನ ಒಬ್ಬ ವಕೀಲರ ಆಫೀಸಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದ ಬೆರಳುಗಳು ಅವು. ಕಂಪ್ಯೂಟರ್ ಬಂದಮೇಲೂ ಟೈಪ್‌ರೈಟರನ್ನು ಕುಟ್ಟಿದಂತೆಯೇ ಕುಟ್ಟುತ್ತಿದ್ದರಂತೆ. ಪುಸ್ತಕ ಕೊಡುವಾಗ ಅದೇ ಬೆರಳಿನಿಂದ ರಟ್ಟಿನ ಮೇಲೆ ಎರಡು ಸಲ ಬಡಿದು, “ಖರೇ ನಡದದ್ದೈತಿ. ಹುಷಾರಾಗಿ ಓದು” ಅನ್ನುತ್ತಿದ್ದರು.

ಅದೇ ಊರಿನ ಕೂಕಟ್‌ಪಲ್ಲಿಯಲ್ಲಿ ಮಿಠಾಯಿ ಅಂಗಡಿಯೊಂದರ ಮೇಲಿನ ಕೋಣೆ ನಮ್ಮ ಕನ್ನಡ ಸಂಘ. ಭಾನುವಾರ ಬೆಳಿಗ್ಗೆ ಅದೇ ಗ್ರಂಥಾಲಯ. ನಿವೃತ್ತಿಯಾದ ಮೇಲೆ ಅದನ್ನು ನೋಡಿಕೊಂಡವರು, ನಾವೆಲ್ಲ ಚಿಕ್ಕಮ್ಮನಂತೆ ಕಾಣುತ್ತಿದ್ದ ಈ ಮೌಶಿ. ಒಂದು ಕಪಾಟಿನಲ್ಲಿ ಕಾದಂಬರಿ, ಒಂದರಲ್ಲಿ ಭಕ್ತಿ. ಮೂರನೆಯದು ಅವರದೇ. ಅಬಿಡ್ಸಿನ ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ ಹುಡುಕಿ ತಂದ, ನಿಜವಾಗಿ ನಡೆದ ಕೊಲೆ, ಮೋಸ, ಅಪಹರಣಗಳ ಪುಸ್ತಕಗಳು. ಕನ್ನಡದವು ಕಡಿಮೆ, ಇಂಗ್ಲಿಷ್ ಹಿಂದಿಯವೇ ಹೆಚ್ಚು.

ಕುತೂಹಲದಿಂದ ಆ ಕಪಾಟಿನ ಮುಂದೆ ನಿಂತವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. “ಏನ್ ತಿಳೀಬೇಕು ನಿನಗ? ಹೆಂಗ ಮಾಡಿದ ಅಂತೋ, ಯಾಕ ಮಾಡಿದ ಅಂತೋ, ಹೆಂಗ ಸಿಕ್ಕಿಬಿದ್ದ ಅಂತೋ?” ಎಲ್ಲರೂ ‘ಹೆಂಗ ಮಾಡಿದ’ ಅನ್ನುತ್ತಿದ್ದರು. ಅವರಿಗೆ ‘ಹೆಂಗ ಸಿಕ್ಕಿಬಿದ್ದ’ ಪುಸ್ತಕವೇ ಸಿಗುತ್ತಿತ್ತು. ಓದಿ ವಾಪಸು ತಂದಾಗ ಇನ್ನೊಂದು ಪ್ರಶ್ನೆ: “ಸತ್ತಾಕಿಗೆ ಏನ್ ಸೇರತಿತ್ತು? ಹಾಡೋ, ಅಡಿಗೀನೋ, ಸಿನಿಮಾನೋ?” ಪುಸ್ತಕದಲ್ಲಿ ಅದು ಇರದಿದ್ದರೆ ಆ ಪುಸ್ತಕಕ್ಕೆ ಕಪಾಟಿನಲ್ಲಿ ಜಾಗವಿಲ್ಲ. “ಕೊಂದಾವನ ಅಂಗಿ ಬಣ್ಣ ಬರದಾನ, ಸತ್ತಾಕಿ ಊರು ಬರದಿಲ್ಲ. ರದ್ದಿಗೆ ಹಾಕ್ರಿ ಇದನ್ನ” ಎಂದು ಎಸೆದದ್ದನ್ನು ನಾನೇ ನೋಡಿದ್ದೇನೆ.

ನನಗಾಗ ಇಪ್ಪತ್ತಾರು. ಒಂದು ಡಯಾಗ್ನೊಸ್ಟಿಕ್ ಲ್ಯಾಬಿನಲ್ಲಿ ಕೆಲಸ. ಸಂಘದ ಅಧ್ಯಕ್ಷರು ತಂದ ಸಂಬಂಧ ಕುದುರಿ ನಿಶ್ಚಿತಾರ್ಥವೂ ಆಗಿತ್ತು. ಹುಡುಗ ಅವರ ದೂರದ ಬಳಗ. ಉಪ್ಪಲ್‌ನ ಒಂದು ಕಂಪನಿಯಲ್ಲಿ ಇಂಜಿನಿಯರ್ ಎಂದಿದ್ದರು. ಹಗಲು ಫೋನ್ ಎತ್ತುತ್ತಿರಲಿಲ್ಲ. ಆಫೀಸಿನ ಹತ್ತಿರ ಬರುತ್ತೇನೆಂದರೆ ಬೇಡ, ಮಾಲ್‌ನಲ್ಲೇ ಸಿಗೋಣ ಎನ್ನುತ್ತಿದ್ದ. ಮದುವೆ ಬೇಗ ಆಗಲಿ ಎಂದು ಅವಸರ ಮಾಡುತ್ತಿದ್ದ. ನನಗೆ ಅದೆಲ್ಲ ಪ್ರೀತಿಯಾಗಿಯೇ ಕಂಡಿತ್ತು.

ಆ ದಿನಗಳಲ್ಲೇ ಮೌಶಿ ನನಗೊಂದು ಪುಸ್ತಕ ಕೊಟ್ಟರು. ನಾಲ್ಕು ಊರುಗಳಲ್ಲಿ ನಾಲ್ಕು ಮದುವೆಯಾದವನೊಬ್ಬನ ಪ್ರಕರಣ. ಅವನೂ ಯಾರನ್ನೂ ತನ್ನ ಆಫೀಸಿನ ಬಾಗಿಲಿಗೆ ಬರಗೊಡುತ್ತಿರಲಿಲ್ಲ. ಆ ಪುಟವನ್ನು ಎರಡು ಸಲ ಓದಿದೆ. ಮುಂದಿನ ಭಾನುವಾರ ಎಲ್ಲವನ್ನೂ ಮೌಶಿಗೆ ಹೇಳಿದೆ. ಅವನು ಕಳ್ಳ ಅಂತ ಅವರು ಹೇಳಬಹುದು ಅಂದುಕೊಂಡಿದ್ದೆ. ಹೇಳಲಿಲ್ಲ.

“ಪುಸ್ತಕ ಓದಿ ಮನಷ್ಯಾನ್ನ ಅಳೀಬ್ಯಾಡ. ಹೋಗಿ ನೋಡು.”

“ಒಬ್ಬಾಕೀನ ಹೆಂಗ ಹೋಗ್ಲಿ ಮೌಶಿ?”

“ನಾ ಏನ್ ಸತ್ತೀನೇನು?”

ಮರುದಿನ ರಜೆ ಹಾಕಿ ಇಬ್ಬರೂ ಮೆಟ್ರೋ ಹತ್ತಿ ಉಪ್ಪಲ್‌ಗೆ ಹೋದೆವು. ಗೇಟಿನಲ್ಲಿ ವಾಚ್‌ಮನ್ ಹೆಸರು ಕೇಳಿ, ಆತ ಕೆಲಸ ಬಿಟ್ಟು ಎರಡು ವರ್ಷವಾಯಿತಮ್ಮಾ ಎಂದು ತೆಲುಗಿನಲ್ಲಿ ಹೇಳಿದ. ನಾನು ಅಲ್ಲಿಯೇ ಕುಸಿದು ಕೂತೆ. ಆತ ನನಗೆ ನೀರು ತರಲು ಹೋದಾಗ ಮೌಶಿ ಮೇಜಿನ ಮೇಲಿದ್ದ ಸಂದರ್ಶಕರ ರಿಜಿಸ್ಟರಿನ ಹಾಳೆ ಮಗುಚಿದರು. ಹಿಂದಿನ ತಿಂಗಳ ಪುಟದಲ್ಲಿ ಬೆರಳಿಟ್ಟು ನನ್ನನ್ನು ಕರೆದರು. ಯಾರನ್ನು ಕಾಣಬೇಕು ಎಂಬಲ್ಲಿ ಅವನದೇ ಹೆಸರು. ಬಂದ ಕಾರಣ ಎಂಬಲ್ಲಿ, ದುಂಡಗಿನ ಅಕ್ಷರದಲ್ಲಿ, ‘ಹಸ್ಬೆಂಡ್’. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಫೋನ್ ನಂಬರು.

ವಾಪಸು ಬರುವಾಗ ನಾನು ಅಳುತ್ತಿದ್ದೆ. ಮೌಶಿ ಸಮಾಧಾನ ಮಾಡಲಿಲ್ಲ. “ನೀ ಪಾರಾದಿ. ಆಕಿ?” ಎಂದು ಕೇಳಿದರು. ಅಮೀರ್‌ಪೇಟೆಯಲ್ಲಿ ರೈಲು ಬದಲಿಸುವಾಗ ನನ್ನ ಕೈಯಿಂದಲೇ ಆ ನಂಬರಿಗೆ ಫೋನ್ ಮಾಡಿಸಿದರು. ನಾನು ನಿಶ್ಚಿತಾರ್ಥದ ಸಂಗತಿ ಹೇಳಿದೆ. ಆಕೆ, “ಗಂಡ ಮೋಸ ಮಾಡುತ್ತಿದ್ದಾನೆ ಎಂಬ ನನ್ನ ಮಾತು ಯಾರೂ ನಂಬುತ್ತಿಲ್ಲ ಅಕ್ಕಾ” ಎಂದಳು ಹಿಂದಿಯಲ್ಲಿ.

ಈ ಮದುವೆ ಬೇಡ ಎಂದಾಗ ಮನೆಯಲ್ಲಿ ಅಪ್ಪ ಗದರಿದರು. ಮರ್ಯಾದೆ ಹೋಯಿತು ಎಂದರು. ಮೌಶಿ ಬಂದು ಅವರ ಎದುರು ಕೂತರು. “ಅಣ್ಣಾರ, ಆ ಹುಡುಗಿಗೆ ಪುರಾವೆ ಬೇಕಾಗೈತಿ. ನಿಮ್ಮ ಮಗಳ ನಿಶ್ಚೆದ ಫೋಟೋ ಕೊಡ್ರಿ. ಅದರಾಗ ಅವ ಉಂಗುರ ತೊಡಸಾಕತ್ತಾನ.” ಅಪ್ಪ ರಾತ್ರಿಯಿಡೀ ಯೋಚಿಸಿ ಬೆಳಿಗ್ಗೆ ಆಲ್ಬಮ್ಮನ್ನೇ ತಂದುಕೊಟ್ಟರು. ದೂರನ್ನು ಮೌಶಿಯೇ ಟೈಪು ಮಾಡಿದರು. ಪೊಲೀಸರು ಅವನನ್ನು ಕರೆಸಿದರು, ಪ್ರಕರಣ ಕೋರ್ಟಿಗೆ ಹೋಯಿತು. ಅದು ಇನ್ನೂ ನಡೆಯುತ್ತಿದೆ. ಆಕೆಯ ಮಾತನ್ನು ಈಗ ಎಲ್ಲರೂ ನಂಬುತ್ತಾರೆ.

ಅಧ್ಯಕ್ಷರಿಗೆ ಮುಖಭಂಗವಾಗಿತ್ತು. ಸಭೆ ಕರೆದು, ಇಂಥ ಪುಸ್ತಕಗಳಿಂದ ಹುಡುಗಿಯರ ತಲೆ ಕೆಡುತ್ತಿದೆ, ಮೂರನೇ ಕಪಾಟು ಮುಚ್ಚಬೇಕು ಎಂದರು. ಮೌಶಿ ಎದ್ದು ನಿಂತರು.

“ತಲಿ ಕೆಟ್ಟಿಲ್ಲರಿ, ಕಣ್ಣು ತೆರದಾವ. ಅವ ಮಾಡಿದ್ದು ತಪ್ಪಲ್ಲ, ಈಕಿ ಓದಿದ್ದು ತಪ್ಪೇನು? ನಾ ಪುಸ್ತಕ ಕೊಟ್ಟೀನಿ. ಇನ್ನೂ ಕೊಡ್ತೀನಿ.”

ಕಪಾಟಿಗೆ ಬೀಗ ಬಿತ್ತು. ಮೌಶಿ ಗ್ರಂಥಾಲಯದ ಕೆಲಸ ಬಿಟ್ಟರು. ಬರುವುದನ್ನು ಮಾತ್ರ ಬಿಡಲಿಲ್ಲ. ಮುಂದಿನ ಭಾನುವಾರ ಮನೆಯಲ್ಲಿದ್ದ ಪುಸ್ತಕಗಳನ್ನು ಎರಡು ತರಕಾರಿ ಚೀಲದಲ್ಲಿ ತುಂಬಿಕೊಂಡು ಬಂದು ಸಂಘದ ಮೆಟ್ಟಿಲ ಮೇಲೆ ಕೂತರು. ಮೆಟ್ಟಿಲು ಮಿಠಾಯಿ ಅಂಗಡಿಯವನದು, ಸಂಘದ್ದಲ್ಲ. ಹತ್ತಿ ಇಳಿಯುವವರೆಲ್ಲ ಅವರನ್ನು ದಾಟಿಯೇ ಹೋಗಬೇಕು. ಮೊದಲ ವಾರ ನಾನೊಬ್ಬಳೇ ಪಕ್ಕದಲ್ಲಿ ಕೂತೆ. ಎರಡನೇ ವಾರ ಅಪ್ಪ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದು ಮೌಶಿಗೆ ಹಾಕಿ, ತಾವು ಕೆಳಗಿನ ಮೆಟ್ಟಿಲಿನಲ್ಲಿ ಕೂತರು. “ನನಗೂ ಒಂದು ಕೊಡ್ರಿ ಅಕ್ಕಾರ” ಎಂದರು. ನಿಧಾನಕ್ಕೆ ಸಂಘದಲ್ಲಿದ್ದ ಒಬ್ಬ ನರ್ಸಮ್ಮ ಬಂದರು, ಟೀಚರ್ ಬಂದರು, ಕಾಲೇಜು ಹುಡುಗಿಯರು ಬಂದರು. ಮೂರು ವರ್ಷ ಆ ಮೆಟ್ಟಿಲ ಗ್ರಂಥಾಲಯ ನಡೆಯಿತು, ಅವರ ಶ್ವಾಸಕೋಶ ಕೈಕೊಡುವವರೆಗೆ.

ಮೌಶಿ ತೀರಿಕೊಂಡು ಹತ್ತು ದಿನಕ್ಕೆ ಸಂಘದಲ್ಲಿ ಶ್ರದ್ಧಾಂಜಲಿ ಸಭೆ. ಅದೇ ಅಧ್ಯಕ್ಷರು ಮೈಕು ಹಿಡಿದು, ಅಕ್ಕಾವರು ಮನೆಮನೆಗೆ ಭಕ್ತಿ ಸಾಹಿತ್ಯ ಹಂಚಿದ ಸಾತ್ವಿಕ ಜೀವ ಎಂದು ಹೇಳತೊಡಗಿದರು. ಕಾರ್ಯದರ್ಶಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಎದ್ದೆ.

“ಸುಳ್ಳ್ರಿ ಅದು. ಮೌಶಿ ಕೊಡತಿದ್ದದ್ದು ಅಪರಾಧದ ಪುಸ್ತಕ. ಖರೇ ಕೊಲೆ, ಖರೇ ಮೋಸ. ಅದನ್ನ ಓದಿ ಬದುಕಿದಾಕಿ ನಾನು.”

“ಇಂಥಾ ಹೊತ್ತಿನ್ಯಾಗ ಅದ್ಯಾಕವ್ವಾ?” ಎಂದರು ಅಧ್ಯಕ್ಷರು.

ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತರು. ಆಮೇಲೆ ನರ್ಸಮ್ಮ. ಆಮೇಲೆ ಮೆಟ್ಟಿಲ ಮೇಲೆ ಕೂತವರೆಲ್ಲ. ಅಧ್ಯಕ್ಷರು ಮೈಕು ಕೆಳಗಿಟ್ಟರು.

“ಬರಕೋರಿ” ಎಂದೆ ಕಾರ್ಯದರ್ಶಿಗೆ.

ಅವರು ಭಕ್ತಿಯನ್ನು ಹೊಡೆದುಹಾಕಿ ಬರೆದರು. ‘ಅಪರಾದ’ ಎಂದು ಬರೆದಿದ್ದರು. ಪಕ್ಕದಲ್ಲೇ ನಿಂತು, ‘ದ’ಕ್ಕೆ ಸೀಳು ಹಾಕಿಸಿ ‘ಧ’ ಮಾಡಿಸಿ ಬಂದೆ.