ಪೈಪಿನ ಕಂಕುಳು

ಮೂವತ್ತು ವರ್ಷ ಹೂಳುವುದೇ ಕೆಲಸ ಎಂದರೆ ಯಾರಾದರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೇಸ್ತ್ರಿ ಹೂಳುತ್ತಿದ್ದದ್ದು ಪೈಪುಗಳನ್ನು.

"ಬೇರೆಯವರ ಗಂಡಂದಿರು ಮಾಡಿದ್ದು ಕಣ್ಣಿಗಾದ್ರೂ ಕಾಣುತ್ತೆ," ಎಂದು ಹೆಂಡತಿ ಹಂಗಿಸುತ್ತಿದ್ದಳು.

"ನಂದು ಕಂಡ ದಿನ ಕೆಲಸ ಕೆಟ್ಟಿದೆ ಅಂತ ಅರ್ಥ ಕಣೇ," ಎನ್ನುತ್ತಿದ್ದ ಮೇಸ್ತ್ರಿ.

ಅವನು ಕೆಲಸ ಕಲಿತ ಕಾಲದಲ್ಲಿ ಇಂಜಿನಿಯರುಗಳ ಲೆಕ್ಕ ಸರಳವಾಗಿತ್ತು: ಮಣ್ಣು ಹೊರೆ, ಪೈಪು ಹಮಾಲಿ. ಹೊರೆ ಹೆಚ್ಚಾದರೆ ದಪ್ಪ ಪೈಪು ಹಾಕು. ಆಮೇಲೆ ತೆಳು ತಗಡಿನ ಪೈಪು ಬಂತು. ಮೇಸ್ತ್ರಿ ಬೆರಳಲ್ಲಿ ತಟ್ಟಿ ನಕ್ಕು, ಹಳೇ ರೂಢಿಯಂತೆ ನೆತ್ತಿಯ ಮೇಲೆ ಮಣ್ಣು ಸುರಿಸಿದ. ಪೈಪು ಚಪ್ಪಟೆಯಾಯಿತು, ಮೇಸ್ತ್ರಿಯ ಮುಖವೂ.

ಹೊಸದಾಗಿ ಬಂದಿದ್ದ ಇಂಜಿನಿಯರ್ ಮೇಡಂ ಬೈಯಲಿಲ್ಲ. "ಹೊರೋದು ಪೈಪೊಂದೇ ಅಲ್ಲ ಮೇಸ್ತ್ರಿ. ಅದು ಅಗಲಕ್ಕೆ ಉಬ್ಬದ ಹಾಗೆ ಪಕ್ಕದ ಮಣ್ಣು ಹಿಡ್ಕೋಬೇಕು," ಎಂದರು.

ನಮ್ಮಂಥವರಾದರೆ ತಲೆಯಾಡಿಸಿ ಮರೆತುಬಿಡುತ್ತಿದ್ದೆವು. ಮೇಸ್ತ್ರಿ ಎರಡೂ ತೋಳೆತ್ತಿದ. "ಓಹೋ, ಕುಡಿದವನನ್ನ ಮನೆಗೆ ಸಾಗಿಸೋ ಹಾಗೆ, ಕಂಕುಳಿಗೆ ಕೈ ಕೊಡಬೇಕು!"

ಅಂದಿನಿಂದ ಪೈಪಿನ ಅಡಿಮಗ್ಗುಲಿಗೆ ಕಂಕುಳೆಂದೇ ಹೆಸರಾಯಿತು. ಗೇಣುಗೇಣು ಮಣ್ಣು ಹಾಕಿಸಿ, ಎರಡೂ ಕಡೆ ಸಮನಾಗಿ ದಮ್ಮಸು ಬಡಿಸಿ ಗಟ್ಟಿ ಮಾಡಿಸುತ್ತಿದ್ದ.

ಹೆದ್ದಾರಿಯಡಿ ಆಳೆತ್ತರದ ತಗಡಿನ ಪೈಪು ಕೂರಿಸುವಾಗ ಹೊಸ ಸೂಪರ್‌ವೈಸರನ ತಾಳ್ಮೆ ಕೆಟ್ಟಿತು. "ಕಂಕುಳಿಗೆ ಕಚಗುಳಿ ಇಡ್ತಾ ಕೂತ್ರೆ ರಸ್ತೆ ಆಗೋದು ಯಾವಾಗ ಮೇಸ್ತ್ರಿ?"

ಮಾತು ಚುಚ್ಚಿತು. ಮೇಸ್ತ್ರಿ ಹಟಕ್ಕೆ ಬಿದ್ದು ದಮ್ಮಸಿನ ಇನ್ನೂ ನಾಲ್ಕು ಏಟು ಹೆಚ್ಚಿಗೆ ಹಾಕಿಸಿದ.

ನೆತ್ತಿಗೆ ಮಣ್ಣು ಬೀಳುವ ಮೊದಲು ಸೂಪರ್‌ವೈಸರ್ ಒಳಗೆ ಅಳತೆಕೋಲು ಹಿಡಿದ. ಅಗಲಕ್ಕಿಂತ ಎತ್ತರ ಮೂರು ಬೆರಳು ಜಾಸ್ತಿ! "ಇದೇನ್ರೀ, ಮೊಟ್ಟೆ ನೆಟ್ಟಗೆ ನಿಲ್ಲಿಸಿದ ಹಾಗಿದೆ? ಕೀಳಿಸ್ತೀನಿ. ನಿಮ್ಮ ತಂಡ ಮನೆಗೆ ಹೋಗಲಿ."

ಮೇಸ್ತ್ರಿ ತಿರುಗಿ ನೋಡಿದ. ಹಿಂದೆ ಅವನ ತಂಡದ ಹನ್ನೊಂದು ಜನ ನಿಂತಿದ್ದರು. "ಕಂಕುಳು ಅತಿಯಾಗಿ ಒತ್ತಿಬಿಟ್ಟೆ ಮೇಡಂ, ಪೈಪಿನ ನೆತ್ತಿ ಮೇಲಕ್ಕೆದ್ದಿದೆ," ಎಂದು, ಕೆಲಸ ನೋಡಲು ಬಂದಿದ್ದ ಇಂಜಿನಿಯರ್ ಮೇಡಂ ಮುಂದೆ ತಾನೇ ಒಪ್ಪಿಕೊಂಡ.

"ತಲೆ ಮೇಲೆ ಭಾರ ಬೀಳಲಿ. ಆಗಲೂ ದುಂಡಗಾಗದಿದ್ರೆ ಕೀಳೋಣ," ಎಂದರು ಮೇಡಂ.

ಮಣ್ಣು ಬಿತ್ತು. ಅದರ ಮೇಲೆ ಜಲ್ಲಿ ತುಂಬಿದ ಲಾರಿ ಬಂದು ನಿಂತಿತು. ಸೂಪರ್‌ವೈಸರ್ ಒಳಗೆ ಹೋಗಲು ಹೆದರಿ ಪೈಪಿನ ಬಾಯಲ್ಲೇ ನಿಂತ.

"ಬನ್ನಿ ಸಾರ್, ಮಾವನ ಮನೆ ಅಂದ್ಕೊಳ್ಳಿ," ಎನ್ನುತ್ತ ಮೇಸ್ತ್ರಿ ಒಳಗೆ ನುಗ್ಗಿದ.

ಕೋಲು ಅಡ್ಡ ಹಿಡಿದರೂ ಅಷ್ಟೇ, ನೆಟ್ಟಗೆ ಹಿಡಿದರೂ ಅಷ್ಟೇ. ಸೂಪರ್‌ವೈಸರ್ ನಂಬದೆ ಆರು ಕಡೆ ಅಳೆದ. ಆರು ಕಡೆಯೂ ದುಂಡಗೆ.

"ಮುಂದಿನ ಪೈಪೂ ನಿಮ್ಮ ತಂಡದ್ದೇ ಮೇಸ್ತ್ರಿ," ಎಂದ, ಕೋಲನ್ನು ನೋಡುತ್ತ.

ಮೇಸ್ತ್ರಿ ಎದೆಯುಬ್ಬಿಸಿ, ಕತ್ತು ನೆಟ್ಟಗೆ ಮಾಡಿ ತನ್ನವರ ಕಡೆಗೆ ಹೊರಟ. ನೆತ್ತಿ ತಗಡಿಗೆ ಠಣ್ಣೆಂದು ಬಡಿಯಿತು. ತಲೆಯಲ್ಲಿ ನಿಂಬೆಗಾತ್ರದ ಬುಗುಟು ಎದ್ದಿತು. ಪೈಪು ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಎರಡನ್ನೂ ಅವನು ಹನ್ನೊಂದು ಜನಕ್ಕೂ ಮುಟ್ಟಿಸಿ ತೋರಿಸಿದ.