ಫೋನು ‘ಮುಸುರೆ’ ಎಂದ ದಿನ

ನುಣ್ಣನೆಯ ಗಾಜಿನ ಮೇಲೆ ಬೆರಳಿಟ್ಟರೆ ಆ ಗಾಜು ಕನ್ನಡದಲ್ಲಿ ಮಾತಾಡುತ್ತದೆ ಎಂದು ಯಾರಾದರೂ ನನಗೆ ಹೇಳಿದ್ದರೆ, ಕಣ್ಣಿಲ್ಲದವಳ ಹತ್ತಿರ ತಮಾಷೆಯೇನು ಎಂದು ಬಯ್ದು ಅಟ್ಟುತ್ತಿದ್ದೆ. ಬಯ್ಯುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ. ಕಣ್ಣು ಹೋದ ಮೇಲೆ ಬಾಯಿ ಇನ್ನಷ್ಟು ಚುರುಕಾಯಿತು ಎಂದು ನಮ್ಮ ಮನೆಯವರ ದೂರು. ಇರಬಹುದು. ಆದರೆ ಗಾಜು ಮಾತಾಡಿದ ದಿನ ಆ ಬಾಯಿಯೂ ಸುಮ್ಮನಾಗಿತ್ತು.

ಚನ್ನಗಿರಿಯ ಅಡಿಕೆ ಮಂಡಿಗಳ ಸಾಲಿನ ಹಿಂದೆ ನಮ್ಮದೊಂದು ಖಾನಾವಳಿ ಇದೆ. ಉಬ್ರಾಣಿ ಕಡೆಯಿಂದ ಮಾಲು ತಂದವರು, ಹಮಾಲರು, ಶಿವಮೊಗ್ಗದ ಬಸ್ಸು ತಪ್ಪಿಸಿಕೊಂಡವರು ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ನಮ್ಮ ಮನೆಯವರು ಗಲ್ಲಾದಲ್ಲಿ ಕೂರುತ್ತಾರೆ, ಮೈದುನ ಬಡಿಸುತ್ತಾನೆ, ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಒಲೆಯ ಮುಂದೆ. ಮೊದಲು ಒಲೆಯ ಮುಂದೆ ನಾವಿಬ್ಬರೂ ಇದ್ದೆವು. ಕಣ್ಣಿನ ಒತ್ತಡದ ಕಾಯಿಲೆ ಬಂದು ನೋಟ ಅಂಚಿನಿಂದ ಒಳಕ್ಕೆ ಮಸುಕಾಗುತ್ತ ಬಂದ ಹಾಗೆ ನನ್ನ ಕೆಲಸಗಳೂ ಒಂದೊಂದಾಗಿ ಕೈತಪ್ಪಿದವು. ಮೊದಲು ಒಲೆ ಹೋಯಿತು, ಆಮೇಲೆ ಈಳಿಗೆಮಣೆ. ಯಾರೂ ಕಿತ್ತುಕೊಳ್ಳಲಿಲ್ಲ. ಪ್ರೀತಿಯಿಂದಲೇ ಪಕ್ಕಕ್ಕೆ ಸರಿಸಿದರು. “ಅಕ್ಕಾ, ನೀವು ಕುಂತ್ಕಳ್ರಿ, ನಾನು ಮಾಡ್ತೀನಿ” ಎನ್ನುತ್ತಿದ್ದಳು ವಾರಗಿತ್ತಿ. ಆ ಮಾತು ಕೇಳಿ ಕೇಳಿ ನನಗೆ ಕುರ್ಚಿಯೆಂದರೇ ಸಿಟ್ಟು ಬರತೊಡಗಿತು.

ಹಾಗೆ ಕೂತಿದ್ದವಳಿಗೆ ಫೋನು ಸಿಕ್ಕಿತು. ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರಿಗಾಗಿ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು, ಅವರಿಗೂ ಕಣ್ಣಿಲ್ಲ. ಅವರ ಜೇಬಿನಿಂದ ಯಾರೋ ಹೆಂಗಸು ಮಾತಾಡಿದ ಹಾಗೆ ಕೇಳಿಸಿತು. ಜೇಬಿನಲ್ಲಿ ಹೆಂಗಸೇನ್ರಿ ಎಂದು ಕೇಳಿಯೇ ಬಿಟ್ಟೆ. ಅವರು ನಕ್ಕು ನನ್ನ ಬೆರಳು ಹಿಡಿದು ಗಾಜಿನ ಮೇಲೆ ಸವರಿಸಿದರು. ಬೆರಳು ಎಲ್ಲಿ ನಿಂತರೆ ಅಲ್ಲಿರುವುದನ್ನು ಫೋನು ಓದಿ ಹೇಳುತ್ತಿತ್ತು. ಅದು ಬೇಕಾದರೆ ಎರಡು ಸಲ ತಟ್ಟಿದರೆ ಸಾಕು. ನಾನು ಓದಿದವಳು, ಕಣ್ಣಿದ್ದಾಗ ಪೇಪರು ಬಿಡದೆ ಓದುತ್ತಿದ್ದವಳು. ಕಳೆದುಹೋದ ಅಕ್ಷರಗಳೆಲ್ಲ ಕಿವಿಯ ಬಾಗಿಲಿನಿಂದ ವಾಪಸು ಬಂದವು. ನಾನು ಅಲ್ಲೇ ಅತ್ತುಬಿಟ್ಟೆ. ಅದೇ ವಾರ ನಾನೂ ಅಂಥದೊಂದು ಫೋನು ತರಿಸಿಕೊಂಡೆ.

ಮನೆಗಳ ಕಸಕ್ಕೆ ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಗಾಡಿ ಬೇರೆ. ನಮ್ಮಂಥ ಖಾನಾವಳಿಗಳ ಕಸ ಎತ್ತುವುದು ಒಂದು ಕಂಪನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆ ಅವರ ಗಾಡಿಗಳು ಓಡಾಡುತ್ತವೆ. ಯಾವ ಕಸ, ಎಷ್ಟು ಡಬ್ಬ ಎಂದು ದಿನಾ ಬೆಳಗ್ಗೆ ಅವರ ಆ್ಯಪಿನಲ್ಲಿ ತಿಳಿಸಬೇಕು, ಇಲ್ಲದಿದ್ದರೆ ಗಾಡಿ ಬರುವುದಿಲ್ಲ. ಬೇಸಿಗೆಯಲ್ಲಿ ಒಂದು ದಿನ ಎತ್ತದಿದ್ದರೆ ನೊಣ ಊಟದ ಎಲೆಗೇ ಬರುತ್ತವೆ. ಗಂಡಸರಿಗೆ ಪುರಸೊತ್ತಿಲ್ಲ, ವಾರಗಿತ್ತಿಗೆ ಓದು ಬಾರದು. ನನ್ನ ಫೋನು ಓದುತ್ತದೆ. ಹಾಗಾಗಿ ಆ ಕೆಲಸ ನನ್ನದಾಯಿತು. ನಮ್ಮ ಖಾನಾವಳಿಯಲ್ಲಿ ನನ್ನ ಕೈಯಿಂದಲೇ ಆಗಬೇಕಾದದ್ದು ಅದೊಂದೇ. ಬೆಳಗ್ಗೆ ಡಬ್ಬಗಳನ್ನು ಮುಟ್ಟಿ ನೋಡಿ, ಗಾಡಿಗೆ ಹೇಳಿ, ಅದು ಬಂದು ಗಲಗಲ ಸದ್ದು ಮಾಡಿ ಹೋದಾಗ, ನಾನು ಕರೆದದ್ದಕ್ಕೆ ಅಷ್ಟು ದೊಡ್ಡ ಗಾಡಿ ಬಂತಲ್ಲ ಎಂದು ನನಗೆ ಪ್ರತಿಸಲವೂ ಬೆರಗಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಆ್ಯಪು ಬದಲಾಯಿತು. ಓದು ಬಾರದವರಿಗೂ ಅನುಕೂಲವಾಗಲಿ ಎಂದು ಕಂಪನಿಯವರು ಅಕ್ಷರಗಳನ್ನೆಲ್ಲ ತೆಗೆದು ಚಿತ್ರಗಳನ್ನು ಇಟ್ಟಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ನಾನು ಬೆರಳಿಟ್ಟರೆ ಫೋನು “ಬಟನ್” ಎಂದಿತು. ಸ್ವಲ್ಪ ಸರಿಸಿದೆ. “ಬಟನ್.” ಇನ್ನೂ ಕೆಳಗೆ ಬಂದೆ. “ಬಟನ್.” ಚಿತ್ರಕ್ಕೆ ಹೆಸರಿಲ್ಲದಿದ್ದರೆ ಪಾಪ, ಅದಾದರೂ ಏನೆಂದು ಓದೀತು?

ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಹಳೆಯ ಜಾಗದಲ್ಲೇ ಇರಬೇಕೆಂದು ಅಂದಾಜಿನ ಮೇಲೆ ಒತ್ತಿದೆ. ಊಟದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಗಾಡಿ ನಿಂತಿತು. ಡ್ರೈವರು ಒಳಗೆ ಬಂದು ಎಲ್ಲರಿಗೂ ಕೇಳುವ ಹಾಗೆ, “ಎಲ್ಲೈತ್ರಿ ಸತ್ತಿರೋ ದನ?” ಎಂದ.

ಲೋಟ, ಸೌಟುಗಳ ಸದ್ದು ನಿಂತೇಹೋಯಿತು. ಮೊಟ್ಟೆ ಕೂಡ ಒಳಗೆ ಬಾರದ ಲಿಂಗಾಯತರ ಖಾನಾವಳಿ ನಮ್ಮದು. ಮೂಲೆಯಲ್ಲಿದ್ದ ಹಮಾಲನೊಬ್ಬ, “ಯಜಮಾನ್ರೆ, ಸಾರು ಇವತ್ತು ಬಾಳ ರುಚಿ ಐತೆ ಅನ್ಕಂಡೆ, ಇದಾ ಸಮಾಚಾರ?” ಎಂದ. ಎಲ್ಲರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಊಟದ ಕಸವೆಂದು ನಾನು ಒತ್ತಿದ್ದು ಸತ್ತ ದನ ಸಾಗಿಸುವ ಬಟನ್ನು. ನಾನು ಕುರ್ಚಿಯಲ್ಲಿ ಕೂತಲ್ಲೇ ಭೂಮಿಗೆ ಇಳಿದುಹೋದೆ.

ಸಂಜೆ ಮನೆಯವರು ಬಯ್ಯಲಿಲ್ಲ. ಬಯ್ದಿದ್ದರೆ ತಿರುಗಿ ಬಯ್ದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮೆತ್ತಗೆ, “ನಾಳೆಯಿಂದ ಅವಳೇ ನೋಡ್ಕಳ್ಲಿ ಬಿಡು. ನೀನು ಆರಾಮಾಗಿ ಕುಂತ್ಕ” ಎಂದರು. ಮರುದಿನ ವಾರಗಿತ್ತಿ ಚಿತ್ರ ನೋಡಿ ಒತ್ತಿದಳು, ಗಾಡಿ ಬಂತು. ಯಾರನ್ನೂ ಕೇಳದೆ ತಾನೇ ಮಾಡಿದೆ ಎಂಬ ಖುಷಿಗೆ ಅವಳ ಬಳೆಗಳೇ ಬೇರೆ ರೀತಿ ಸದ್ದು ಮಾಡುತ್ತಿದ್ದವು. ಆ ಖುಷಿ ಅವಳಿಗೆ ಸಲ್ಲಬೇಕಾದದ್ದೇ. ಆದರೆ ಇನ್ನು ನನಗೆ ಉಳಿದದ್ದು ಕುರ್ಚಿ ಮಾತ್ರ.

ಸಿಟ್ಟು ತಡೆಯಲಾರದೆ ಕಂಪನಿಗೆ ಫೋನು ಹಚ್ಚಿದೆ. “ಅಲ್ರೀ, ಅಷ್ಟು ಚಿತ್ರ ಹೆತ್ತೀರಲ್ಲ, ಒಂದಕ್ಕಾದ್ರೂ ಹೆಸರು ಇಟ್ಟೀರಾ? ಹೆಸರಿಲ್ಲದ ಮಕ್ಕಳನ್ನ ನಾನು ಹೆಂಗೆ ಕರೀಬೇಕು?” ಎಂದು ಶುರು ಮಾಡಿದವಳು ಸತ್ತ ದನದ ಕಥೆಯವರೆಗೆ ನಿಲ್ಲಲಿಲ್ಲ. ಆ ಕಡೆ ಒಂದು ಹುಡುಗಿಯ ದನಿ ಎಲ್ಲವನ್ನೂ ಕೇಳಿಸಿಕೊಂಡಿತು. ಆಮೇಲೆ, “ಅಮ್ಮಾ, ಆ ಚಿತ್ರ ಹಾಕಿದ್ದು ನಾನೇ. ನಿಮ್ಮ ಖಾನಾವಳಿಗೇ ಬರ್ಲಾ?” ಎಂದಿತು.

ಹೊನ್ನಾಳಿ ಕಡೆಯ ಹುಡುಗಿ. ಮಾರನೆಯ ದಿನ ಊಟದ ಗದ್ದಲ ಮುಗಿದ ಮೇಲೆ ಬಂದು ನನ್ನ ಪಕ್ಕ ನೆಲದ ಮೇಲೇ ಕೂತಳು. ತೋರಿಸಿ ಎಂದಳು. ನಾನು ಬೆರಳು ಸವರುತ್ತ ಹೋದೆ, ಫೋನು ಬಟನ್ ಬಟನ್ ಎನ್ನುತ್ತ ಹೋಯಿತು. ಅವಳು ಫೋನು ಇಸಿದುಕೊಂಡು ತಾನೂ ಒಂದು ಸಲ ಮೇಲಿಂದ ಕೆಳಗೆ ಸವರಿದಳು. ಆಮೇಲೆ, “ಇದನ್ನ ನಾನು ಒಂದಿನಾನೂ ಕಿವಿಯಿಂದ ಕೇಳಿರ್ಲಿಲ್ಲಮ್ಮ” ಎಂದಳು.

ಚಿತ್ರದ ಹಿಂದೆ ಕಣ್ಣಿಗೆ ಕಾಣದ ಹಾಗೆ ಒಂದು ಮಾತು ಬರೆದಿಡಬಹುದು, ಫೋನು ಅದನ್ನು ಓದುತ್ತದೆ ಎಂದು ಅವಳು ವಿವರಿಸಿದಳು. ಕಾಣದ ಮಾತು ಕಾಣದವಳಿಗೆ ಸಿಗುತ್ತದೆ ಎನ್ನುವುದು ನನಗೆ ಪವಾಡದ ಹಾಗೆ ಕೇಳಿಸಿತು. ಅವಳಿಗೆ ಮಾತ್ರ ಅದು ದಿನದ ಕೆಲಸ. ಮೊದಲನೆಯದಕ್ಕೆ ‘ಜೈವಿಕವಾಗಿ ಕೊಳೆಯುವ ತ್ಯಾಜ್ಯ’ ಎಂದು ಹಾಕಲೇ ಎಂದಳು.

“ಅದನ್ನ ಹೇಳಿ ಮುಗಿಸೋದ್ರೊಳಗೆ ಕೊಳೆತೇ ಹೋಗ್ತೈತೆ ತಾಯಿ,” ಎಂದೆ. “ಅಲ್ಲಿ ಏನು ಚಿತ್ರ ಐತೆ, ಅದನ್ನ ಹೇಳು.”

ವಾರಗಿತ್ತಿ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. “ಕಚ್ಚಿ ಬಿಟ್ಟ ಸೇಬು ಐತಕ್ಕ. ಅದರ ಪಕ್ಕ ಎಂಥದೋ ಮುಳ್ಳು... ಶಿವನೇ, ಮೀನಿನ ಮುಳ್ಳು!”

“ನಮ್ಮ ಖಾನಾವಳೀಲಿ ಮೀನಾ?” ಎಂದೆ.

“ನಾನು ಬಾಚಣಿಗೆ ಅನ್ಕಂಡಿದ್ದೆ ರೀ. ಮೇಲಿಂದು ಒತ್ತಿದ್ರೆ ಗಾಡಿ ಬರ್ತೈತೆ, ಅದಕ್ಕೆ ಒತ್ತುತಿದ್ದೆ.” ಹುಡುಗಿ ಬಿದ್ದು ಬಿದ್ದು ನಕ್ಕಳು. ಮೀನಿನ ಮುಳ್ಳು ತೆಗೆದು ಊಟ ಮುಗಿದ ಬಾಳೆಎಲೆ ಹಾಕುತ್ತೇನೆ ಎಂದಳು. ಹೆಸರಿಗೆ ವಾರಗಿತ್ತಿಯೇ, “ಮುಸುರೆ ಅಂತ ಹಾಕ್ರಿ, ಮುಗೀತು” ಎಂದಳು. ಹೌದಲ್ಲ! ಎಲೆಯಲ್ಲಿ ಬಿಟ್ಟ ಅನ್ನ, ತೊಳೆದ ಪಾತ್ರೆಯ ಗಸಿ, ಎಲ್ಲ ಸೇರಿ ಆ ಡಬ್ಬದಲ್ಲಿರುವುದಕ್ಕೆ ನಮ್ಮ ಅಜ್ಜಿಯರ ಕಾಲದಿಂದಲೂ ಅದೊಂದೇ ಹೆಸರು.

ಹೀಗೆ ಆ ಮಧ್ಯಾಹ್ನ ಕಣ್ಣಿದ್ದವಳು ಚಿತ್ರ ಹೇಳಿದಳು, ನಾನು ಹೆಸರು ಕಟ್ಟಿದೆ, ಹುಡುಗಿ ಟಕಟಕ ಬರೆದುಕೊಂಡಳು. ಸತ್ತ ದನದ ಬಟನ್ ಒತ್ತಿದರೆ ಮಾತ್ರ ‘ನಿಜವಾಗ್ಲೂ?’ ಎಂದು ಫೋನು ಒಂದು ಸಲ ಕೇಳಲೇಬೇಕು ಎಂದು ನಾನು ಹಟ ಹಿಡಿದೆ. ಅದಕ್ಕೂ ಒಪ್ಪಿದಳು.

ಕೆಲವು ದಿನ ಕಳೆದು ಹೊಸ ಆ್ಯಪು ಬಂತು. ಬೆಳಗ್ಗೆ ಡಬ್ಬಗಳ ಪಕ್ಕ ನಿಂತು ಗಾಜಿನ ಮೇಲೆ ಬೆರಳಿಟ್ಟೆ.

“ಮುಸುರೆ,” ಎಂದಿತು ಫೋನು.

ಮೈ ಜುಮ್ಮೆಂದಿತು. ಇಂಗ್ಲಿಷಿನವರು ಮಾಡಿದ ಯಂತ್ರದ ಬಾಯಲ್ಲಿ ನಮ್ಮ ಹಿತ್ತಲಿನ ಮಾತು! ಇನ್ನೊಂದು ಸಲ ಸವರಿದೆ. “ಮುಸುರೆ.” ಹುಚ್ಚಿಯ ಹಾಗೆ ಮತ್ತೆ ಮತ್ತೆ ಹೇಳಿಸಿಕೊಂಡೆ. ಅವತ್ತು ಬಂದ ಡ್ರೈವರು ಬಾಗಿಲಲ್ಲೇ ನಿಂತು, “ದನ ಐತೇನ್ರಮ್ಮ?” ಎಂದು ರೇಗಿಸಿದ. “ನಿನ್ನ ನೋಡಿದ್ರೆ ಐತೆ ಅನ್ನಿಸ್ತೈತೆ, ಡಬ್ಬ ಎತ್ತು” ಎಂದೆ. ಅವನೇ ಹೇಳಿದ್ದು, ಜಗಳೂರಿನಲ್ಲಿ ಕಿವಿ ಕೇಳದ ಬೇಕರಿಯವನೊಬ್ಬನಿಗೆ ಈಗ ಗಾಡಿ ಹತ್ತಿರ ಬಂದರೆ ಜೇಬಿನಲ್ಲಿ ಫೋನು ನಡುಗುತ್ತದಂತೆ, ನ್ಯಾಮತಿಯಲ್ಲಿ ಕಣ್ಣು ಮಂಜಾದ ಮುದುಕರಿಗೆ ಅಕ್ಷರ ದಪ್ಪಗೆ ಕಾಣುತ್ತವಂತೆ. ಅವರನ್ನೆಲ್ಲ ನಾನು ಕಂಡವಳಲ್ಲ. ಆದರೂ ನಾಲ್ಕು ತಾಲೂಕಿನ ಎಷ್ಟೋ ಅಡುಗೆಮನೆಗಳಲ್ಲಿ ಆ ಹೊತ್ತಿಗೆ ಯಾರ್ಯಾರದೋ ಫೋನು ನಮ್ಮ ಮಾತನ್ನು ಆಡುತ್ತಿರಬಹುದು ಎಂದು ನೆನೆದರೆ ಈಗಲೂ ಎದೆ ತುಂಬುತ್ತದೆ.

ಗಾಡಿ ಕರೆಯುವ ಕೆಲಸ ನನಗೇ ವಾಪಸು ಬಂತು. ವಾರಗಿತ್ತಿ ತಾನಾಗೇ ಬಿಟ್ಟುಕೊಟ್ಟಳು. ಆದರೆ ನಾನು ಬೆರಳು ಸವರುವಾಗೆಲ್ಲ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ದನಿ ತಗ್ಗಿಸಿ ಕೇಳಿದಳು, “ಅಕ್ಕಾ, ಇದು ಕಣ್ಣಿದ್ದೋರಿಗೂ ಓದ್ತೈತಾ?”

ನಾನು ದಂಗಾದೆ. ಮಾತಾಡುವ ಫೋನು ಇಷ್ಟು ದಿನ ಅವಳ ಕಣ್ಣೆದುರೇ ಇತ್ತು. ಅದು ಕುರುಡರದ್ದು ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಅವಳ ಫೋನು ಇಸಿದುಕೊಂಡು ಮಾತು ಬರುವ ಹಾಗೆ ಮಾಡಿ, ಮೇಷ್ಟ್ರು ನನಗೆ ಮಾಡಿದ ಹಾಗೆ ಅವಳ ಬೆರಳು ಹಿಡಿದು ಗಾಜಿನ ಮೇಲೆ ಸವರಿಸಿದೆ. ರೊಟ್ಟಿ ಬಡಿದು ಬಡಿದು ಒರಟಾದ ಬೆರಳು.

ಫೋನಿನಲ್ಲಿ ಅವಳ ತವರಿನವರದ್ದೊಂದು ಗುಂಪಿದೆ, ಎಲ್ಲರೂ ಅದರಲ್ಲಿ ಬರೆಯುತ್ತಾರೆ. ಇವಳಿಗೆ ಬರೀ ಫೋಟೋ. ಆ ಗುಂಪನ್ನೇ ಮೊದಲು ತೆಗೆದಳು. ಫೋನು ಓದುತ್ತ ಹೋಯಿತು. ಗೋವಿನಕೋವಿಗೆ ಮದುವೆಯಾಗಿ ಹೋದ ಅವಳ ಮಗಳು ಯಾವಾಗಲೋ ಬರೆದಿದ್ದ ಮಾತು ಬಂತು: “ಅವ್ವ ಕಳಿಸಿದ ಉಪ್ಪಿನಕಾಯಿ ನಮ್ಮ ಅತ್ತೆಗೆ ಬಾಳ ಸೇರೈತೆ. ಯಾರಾದ್ರೂ ಅವ್ವಂಗೆ ಹೇಳ್ರಿ.”

ಯಾರೂ ಹೇಳಿರಲಿಲ್ಲ. ವಾರಗಿತ್ತಿ ಅದನ್ನೇ ಇನ್ನೊಮ್ಮೆ ಓದಿಸಿದಳು. ಸೊರ್ರೆಂದು ಮೂಗು ಎಳೆದುಕೊಂಡಳು. “ಸೇರೈತಂತೆ ಅಕ್ಕಾ” ಎಂದಳು, ನಾನು ಕೇಳಿಸಿಕೊಂಡೇ ಇಲ್ಲವೆಂಬಂತೆ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಹೊರಗೆ ಮೈದುನ ಪಲ್ಯಕ್ಕೆ ಕೂಗುತ್ತಿದ್ದ. ಇವಳ ಬೆರಳು ಮಾತ್ರ ಗಾಜು ಬಿಡಲಿಲ್ಲ. ಕಾಲಿನಿಂದಲೇ ಏನನ್ನೋ ನೆಲದ ಮೇಲೆ ಎಳೆದು ನನ್ನ ಮುಂದೆ ತಳ್ಳಿದಳು. ಈಳಿಗೆಮಣೆ. ಹಿಂದೆಯೇ ಈರುಳ್ಳಿಯ ಬುಟ್ಟಿಯೂ ಬಂತು.

“ಅಕ್ಕಾ, ಲಗೂನ ಒಂದಿಷ್ಟು ಹೆಚ್ಚಿಕೊಡ್ರಿ,” ಎಂದಳು, ಫೋನಿನ ಕಡೆಯಿಂದ ತಲೆಯೆತ್ತದ ದನಿಯಲ್ಲಿ. “ನನಗೆ ಪುರಸೊತ್ತಿಲ್ಲ.”

ತಾನು ಏನು ಹೇಳಿದೆ ಎನ್ನುವುದು ಅವಳಿಗೆ ಗೊತ್ತೇ ಆಗಲಿಲ್ಲ. ನಾನು ಕುರ್ಚಿಯಿಂದ ಎದ್ದು ನೆಲಕ್ಕೆ ಕೂತು, ಈಳಿಗೆಯ ಬೆನ್ನನ್ನು ಮುಟ್ಟಿ ನೋಡಿ, ಒಂದು ಈರುಳ್ಳಿ ಕೈಗೆ ತೆಗೆದುಕೊಂಡೆ.